ಹದಿನಾಲ್ಕನೇ ನಂಬರ್ ಬಸ್ಸಿನ ವರ್ಲೀನ್

ವರ್ಲೀನ್ ಟಿಬ್ಸ್ ನನ್ನ ಗಂಡನ ತಂಗಿ. ಹನ್ನೊಂದು ವರ್ಷ ಆಲ್ಡರ್ ಹೈಟ್ಸ್ ಶಾಲೆಯ ಹದಿನಾಲ್ಕನೇ ನಂಬರ್ ಬಸ್ಸು ಓಡಿಸಿದವಳು. ಓಹಾಯೊದ ಚಳಿಗಾಲದಲ್ಲಿ ರಸ್ತೆ ಗಾಜಿನಂತೆ ಹೆಪ್ಪುಗಟ್ಟುತ್ತದೆ, ದೊಡ್ಡ ದೊಡ್ಡ ಲಾರಿಗಳೇ ಮೋರಿಗೆ ಜಾರಿ ಕೂರುತ್ತವೆ. ಅಂಥದರಲ್ಲಿ ಅವಳ ಬಸ್ಸಿನಲ್ಲಿ ಒಂದು ಮಗುವಿನ ಮೊಣಕಾಲೂ ತರಚಲಿಲ್ಲ. ಆದರೂ ಈಗ ಅವಳ ಹೆಸರು ತೆಗೆದರೆ, "ಸುಳ್ಳು ವಿಳಾಸ ಕೊಟ್ಟು ಸಿಕ್ಕಿಬಿದ್ದೋಳು ಅವಳೇ ಅಲ್ವ?" ಎನ್ನುವವರು ನಮ್ಮ ಚರ್ಚಿನಲ್ಲೇ ಇದ್ದಾರೆ. ಆ ಮಾತು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಆರನೇ ಕ್ಲಾಸು. ಕಣ್ಣಾರೆ ಕಂಡದ್ದನ್ನು ಹೇಳುವುದಕ್ಕೆ ಅಷ್ಟು ಸಾಕು.

ನಮ್ಮದು ಟ್ಯಾನರ್ ರಸ್ತೆ. ರಸ್ತೆಯ ಬಡಗಲ ಬದಿ ಆಲ್ಡರ್ ಹೈಟ್ಸ್ ಶಾಲೆಗೆ ಸೇರಿದ್ದು, ನಮ್ಮ ಮನೆಯಿರುವ ತೆಂಕಲ ಬದಿ ಕಾರ್ವರ್ ಮಿಲ್ಸ್ ಶಾಲೆಗೆ ಸೇರಿದ್ದು. ಎರಡೂ ಸರ್ಕಾರದ ಶಾಲೆಗಳೇ. ಆದರೆ ಶಾಲೆ ನಡೆಯುವುದು ಆಯಾ ಕಡೆಯ ಮನೆ, ಅಂಗಡಿ, ಕಾರ್ಖಾನೆಗಳ ಕಂದಾಯದಿಂದ. ಅವರ ಕಡೆ ದೊಡ್ಡ ಮಾಲ್ ಎದ್ದಿತು, ನಮ್ಮ ಕಡೆ ಎರಕದ ಕಾರ್ಖಾನೆ ಮುಚ್ಚಿತು. ಮಿಕ್ಕಿದ್ದು ಹೇಳಬೇಕಾಗಿಲ್ಲ. ಅಲ್ಲಿ ಈಜುಕೊಳ, ಇಲ್ಲಿ ಸೋರುವ ಸೂರಿನ ಕೆಳಗೆ ಬಕೆಟ್ಟು. ಅಲ್ಲಿ ಇಬ್ಬರು ಮಕ್ಕಳಿಗೆ ಒಂದು ಮೈಕ್ರೋಸ್ಕೋಪು. ಕಾರ್ವರ್ ಮಿಲ್ಸ್‌ನಲ್ಲಿ ನನ್ನ ಮಗನಿಗೆ ಮೇಷ್ಟ್ರು ಬೋರ್ಡಿನ ಮೇಲೆ ಮೈಕ್ರೋಸ್ಕೋಪಿನ ಚಿತ್ರ ಬರೆದು, ಅದರ ಭಾಗಗಳ ಹೆಸರು ಬಾಯಿಪಾಠ ಮಾಡಿಸಿ ಪರೀಕ್ಷೆ ಇಟ್ಟರು. ಅವನಿಗೆ ನೂರಕ್ಕೆ ನೂರು ಬಂತು. ಮೈಕ್ರೋಸ್ಕೋಪನ್ನು ಅವನು ಇಲ್ಲಿಯವರೆಗೆ ಮುಟ್ಟಿಲ್ಲ.

ವರ್ಲೀನಳ ಗಂಡ ಕಾರ್ಖಾನೆ ಮುಚ್ಚಿದ ವರ್ಷ ಕೆಲಸ ಹುಡುಕಿಕೊಂಡು ಹೋದವನು ಮರಳಲಿಲ್ಲ. ಎಂಬತ್ತೈದನೇ ಇಸವಿಯಲ್ಲಿ ಅವಳು ಬಾಡಿಗೆ ಮನೆ ಬಿಟ್ಟು ನಮ್ಮ ಪಕ್ಕದ ಮನೆಗೆ ಬಂದಳು, ತೆಂಕಲ ಬದಿಗೆ. ಜೊತೆಗೆ ಒಬ್ಬಳೇ ಮಗಳು ಯೊಲಾಂಡಾ. ಆಗ ಅವಳಿಗೆ ಹನ್ನೊಂದು ವರ್ಷ. ಆ ಹುಡುಗಿಗೆ ಲೆಕ್ಕ ಅಂದರೆ ಬೇರೆ ಮಕ್ಕಳಿಗೆ ಐಸ್‌ಕ್ರೀಮು ಇದ್ದಂತೆ. ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತು, "ಅತ್ತೆ, ಒಂದು ಶರ್ಟಿಗೆ ನಾಲ್ಕು ನಿಮಿಷ ಅಂದ್ರೆ ನಿಂಗೆ ಇನ್ನೂ ಎರಡು ಗಂಟೆ ಎಂಟು ನಿಮಿಷ ಕೆಲಸ ಇದೆ," ಎಂದು ನನ್ನ ಹೊಟ್ಟೆ ಉರಿಸುತ್ತಿದ್ದಳು.

ಈಗ ಟಪಾಲು ಡಬ್ಬಿಗಳ ವಿಷಯ ಹೇಳಬೇಕು. ನಮ್ಮ ರಸ್ತೆಯಲ್ಲಿ ಟಪಾಲಿನವನು ಕಾರಿನಲ್ಲಿ ಒಂದೇ ದಿಕ್ಕಿಗೆ ಹೋಗುತ್ತಾನೆ, ಕಿಟಕಿಯಿಂದ ಕೈಚಾಚಿ ಡಬ್ಬಿಗೆ ಕಾಗದ ಹಾಕುತ್ತಾನೆ. ಅದಕ್ಕೆ ಎರಡೂ ಬದಿಯವರ ಡಬ್ಬಿಗಳು ಬಡಗಲ ಬದಿಯಲ್ಲೇ ಸಾಲಾಗಿ ಕಂಬದ ಮೇಲೆ ನಿಂತಿದ್ದವು. ಮನೆಗಳಿಗೆ ನಂಬರಿರಲಿಲ್ಲ. ಡಬ್ಬಿಯ ನಂಬರೇ ವಿಳಾಸ. ವರ್ಲೀನಳದು ಅರವತ್ತೊಂದು.

ಮಗಳನ್ನು ಶಾಲೆಗೆ ಸೇರಿಸುವ ದಿನ ಅವಳು ಬಸ್ಸು ನಿಲ್ಲಿಸಿ, ಯೂನಿಫಾರಮ್ಮಿನಲ್ಲೇ ಆಲ್ಡರ್ ಹೈಟ್ಸ್ ಆಫೀಸಿಗೆ ಹೋದಳು. ವಿಚಾರಿಸೋಣ ಅಂತಷ್ಟೇ ಹೋಗಿದ್ದು. ಜೊತೆಗೆ ನಾನೂ ಇದ್ದೆ. ಅಲ್ಲಿ ಫಾರಂ ನೋಡುತ್ತಿದ್ದವಳು ಮಿಸೆಸ್ ಪಿಲ್ಚರ್, ಕೊರಳಿಗೆ ಸರದ ಹಾಗೆ ಕನ್ನಡಕ ನೇತುಹಾಕಿಕೊಂಡ ಹೆಂಗಸು.

"ಡಬ್ಬಿ ಯಾವ ಕಡೆಗಿದೆ?" ಎಂದಳು.

"ಡಬ್ಬಿ ಬಡಗಲಿಗಿದೆ. ಮನೆ ಮಾತ್ರ ತೆಂಕಲಿಗಿದೆ ಮೇಡಂ."

"ಮನೆ ಕಟ್ಕೊಂಡು ನಮಗೇನಾಗ್ಬೇಕು? ಟಪಾಲು ಎಲ್ಲಿಗೆ ಬರುತ್ತೋ ಅದೇ ವಿಳಾಸ."

"ಇನ್ನೊಂದ್ಸಲ ನೋಡ್ಬಿಡಿ. ಆಮೇಲೆ ನನ್ ಮೇಲೆ ಬರಬಾರ್ದು."

"ಹದಿನೆಂಟು ವರ್ಷದಿಂದ ಈ ಮೇಜಲ್ಲಿ ಕೂತಿದೀನಿ ವರ್ಲೀನ್. ಬಸ್ಸು ನೀನು ನೋಡ್ಕೋ, ಫಾರಂ ನಾನು ನೋಡ್ಕೋತೀನಿ," ಎಂದು ಪಿಲ್ಚರ್ ಠಪ್ಪೆಂದು ಮೊಹರು ಒತ್ತಿದಳು.

ಹೊರಗೆ ಬಂದು ವರ್ಲೀನ್ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. "ಅತ್ತಿಗೆ, ನಾನು ಸರಿಯಾಗೇ ಹೇಳ್ದೆ ತಾನೇ?" ಎಂದಳು. "ಎರಡು ಸಲ ಹೇಳಿದೆ, ನನ್ನ ಕಿವಿ ಸಾಕ್ಷಿ," ಎಂದೆ. ಆಮೇಲೆ ಅವಳು ನಕ್ಕಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಎರಡೂವರೆ ವರ್ಷ ಯೊಲಾಂಡಾ ತನ್ನ ತಾಯಿಯ ಬಸ್ಸಿನಲ್ಲೇ ಹೋಗಿ ಬಂದಳು. ಬಸ್ಸಿನಲ್ಲಿ ಅಮ್ಮ ಅನ್ನುವಂತಿರಲಿಲ್ಲ. ಎಲ್ಲ ಮಕ್ಕಳಂತೆ "ಗುಡ್ ಮಾರ್ನಿಂಗ್ ಮಿಸ್ ವರ್ಲೀನ್" ಅನ್ನಬೇಕಿತ್ತು. ಎಂಟನೇ ಕ್ಲಾಸಿನಲ್ಲಿ ಬೀಜಗಣಿತ ಹಿಡಿದಳು. ಕಾರ್ವರ್ ಮಿಲ್ಸ್ ಮಕ್ಕಳಿಗೆ ಅದು ಒಂಬತ್ತರಲ್ಲಿ ಸಿಕ್ಕರೆ ಪುಣ್ಯ. ಆ ಡಿಸೆಂಬರಿನಲ್ಲಿ ಜಿಲ್ಲೆಯ ಲೆಕ್ಕದ ಸ್ಪರ್ಧೆಗೆ ಶಾಲೆಯಿಂದ ಇಬ್ಬರನ್ನು ಆರಿಸಿದರು. ಯೊಲಾಂಡಾ ಒಬ್ಬಳು. ಮೂರನೆಯವನಾಗಿ ಉಳಿದ ಹುಡುಗನ ತಾಯಿ ಮನೆಗೆ ಹೋಗಿ ಶಾಲೆಗೆ ಫೋನು ಮಾಡಿದಳು. ಬಸ್ಸಿನ ಡ್ರೈವರ್ ಮಗಳು ಎಲ್ಲಿಂದ ಬರುತ್ತಾಳೆ ವಿಚಾರಿಸಿ ಅಂದಳಂತೆ. ಅಷ್ಟು ದಿನ ಯಾರಿಗೂ ಕಾಣದಿದ್ದ ರಸ್ತೆ ಆಗ ಕಂಡಿತು.

ಜನವರಿಯಲ್ಲಿ ಒಂದು ಕಂದು ಬಣ್ಣದ ಕಾರು ಬಂದು ಡಬ್ಬಿಗಳ ಪಕ್ಕ ನಿಂತಿತು. ಒಳಗೆ ಟೋಪಿ ಹಾಕಿಕೊಂಡವನೊಬ್ಬ, ಮಡಿಲಲ್ಲಿ ನೋಟ್‌ಬುಕ್ಕು. ಯಾವ ಬಾಗಿಲಿನಿಂದ ಮಗು ಹೊರಗೆ ಬರುತ್ತದೆಂದು ಬರೆದುಕೊಳ್ಳುವುದಕ್ಕೆ ಶಾಲೆಯವರು ಸಂಬಳ ಕೊಟ್ಟು ಕಳಿಸಿದ್ದವನು. ಅದು ನಮಗೆ ಗೊತ್ತಿರಲಿಲ್ಲ. ವರ್ಲೀನ್ ಬಸ್ಸಿನ ಕಿಟಕಿ ಇಳಿಸಿದಳು.

"ಸ್ವಾಮಿ, ಇದು ಬಸ್ ನಿಲ್ಲೋ ಜಾಗ. ಗಾಡಿ ಮುಂದಕ್ಕೆ ತಗೊಳಿ."

"ಎರಡೇ ನಿಮಿಷ ಅಮ್ಮ."

"ಎರಡು ನಿಮಿಷದಲ್ಲಿ ಮಗು ಗಾಡಿ ಅಡಿಗೆ ಬೀಳುತ್ತೆ. ನಿಮ್ಮ ನಂಬರ್ ಪ್ಲೇಟು ಬರ್ಕೊಂಡು ಶಾಲೆಗೆ ಕೊಡ್ಲಾ?"

ಅವನು ಕಾರು ಮುಂದೆ ತೆಗೆದ. ಬರೆಯುವುದನ್ನು ನಿಲ್ಲಿಸಲಿಲ್ಲ. ಮೂರು ಬೆಳಗ್ಗೆ ಬಂದ. ಮೂರನೆಯ ದಿನ ಪಾಪ ಚಳಿ ಎಂದು ನಾನೇ ಅವನಿಗೊಂದು ಲೋಟ ಕಾಫಿ ಕೊಟ್ಟೆ. ಆ ಕಾಫಿ ನೆನೆದರೆ ಇವತ್ತಿಗೂ ನನ್ನ ಕೈ ಉರಿಯುತ್ತದೆ.

ಕಾಗದ ಬಂತು, ವಿಚಾರಣೆಗೆ ಹಾಜರಾಗಬೇಕೆಂದು. ಉದ್ದನೆ ಮೇಜು, ಅದರಾಚೆ ಮೂವರು. ಮಾತಾಡಿದವನು ಆಸ್ಟ್ರಾಂಡರ್ ಎಂಬ ಅಧಿಕಾರಿ. ಮಿಸೆಸ್ ಪಿಲ್ಚರ್ ಮೂಲೆಯ ಕುರ್ಚಿಯಲ್ಲಿ ಕೂತು ಕನ್ನಡಕದ ಗಾಜು ಒರೆಸುತ್ತಿದ್ದಳು.

"ನಾನು ಇವರ ಎದುರೇ ಹೇಳಿದೀನಿ ಸಾರ್, ಮನೆ ತೆಂಕಲಿಗಿದೆ ಅಂತ. ಕೇಳಿ ಅವರನ್ನ," ಎಂದಳು ವರ್ಲೀನ್.

ಆಸ್ಟ್ರಾಂಡರ್ ತಿರುಗಿ ನೋಡಿದ. ಪಿಲ್ಚರ್ ಗಾಜು ಒರೆಸುತ್ತಲೇ, "ದಿನಕ್ಕೆ ಐವತ್ತು ಜನ ಬರ್ತಾರೆ. ನನಗೆ ಜ್ಞಾಪಕ ಇಲ್ಲ," ಎಂದಳು.

"ನನಗೆ ಜ್ಞಾಪಕ ಇದೆ," ಎಂದೆ ನಾನು.

"ನೀವು ಯಾರು?"

"ಅತ್ತಿಗೆ."

"ಮನೆಯವರ ಸಾಕ್ಷಿ ನಡೆಯಲ್ಲ."

ಹನ್ನೊಂದು ವರ್ಷ ಇವರ ಮಕ್ಕಳ ಜೀವ ಅವಳ ಕೈಯಲ್ಲಿತ್ತು. ಅದಕ್ಕೆ ಅವಳ ಮಾತು ಸಾಕಿತ್ತು. ತನ್ನ ಮಗಳ ವಿಷಯಕ್ಕೆ ಬಂದಾಗ ಅದೇ ಬಾಯಿಯ ಮಾತು ನಡೆಯಲಿಲ್ಲ. ಮೇಷ್ಟ್ರುಗಳ ಮಕ್ಕಳು ಎಲ್ಲಿಂದ ಬಂದರೂ ಆ ಶಾಲೆಯಲ್ಲಿ ಓದಬಹುದಿತ್ತು, ಅಂಥ ನಿಯಮವಿತ್ತು. ಡ್ರೈವರಿಗೆ ಅದು ಇಲ್ಲವೇ ಎಂದು ವರ್ಲೀನ್ ಕೇಳಿದಳು. "ಅದು ಸರ್ಟಿಫಿಕೇಟ್ ಇರೋ ಸಿಬ್ಬಂದಿಗೆ," ಎಂದು ಅವನು ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದ.

ಕೊನೆಗೆ ಒಂದು ಹಾಳೆ ಮುಂದೆ ತಳ್ಳಿದ. "ನೋಡಮ್ಮ, ಹುಡುಗಿ ಬುದ್ಧಿವಂತೆ. ವರ್ಷದ ಮಧ್ಯ ಕಿತ್ತು ಹಾಕೋಕೆ ನಮಗೂ ಮನಸ್ಸಿಲ್ಲ. ಇದಕ್ಕೊಂದು ಸೈನ್ ಹಾಕು. ಜೂನ್ ತನಕ ಇರ್ಲಿ. ಬರೀ ಪದ್ಧತಿಗೆ."

ಅದರಲ್ಲಿ ಇದ್ದದ್ದು: ತಿಳಿದೂ ತಿಳಿದೂ ತಪ್ಪು ವಿಳಾಸ ಕೊಟ್ಟಿದ್ದೇನೆ.

ವರ್ಲೀನ್ ಎರಡು ಸಲ ಓದಿದಳು. "ಇದು ಸುಳ್ಳು ಸಾರ್. ನಾನು ಸುಳ್ಳು ಹೇಳಿಲ್ಲ. ಸುಳ್ಳು ಹೇಳ್ದೆ ಅಂತ ಹೇಳಿದ್ರೆ ಅದೇ ಸುಳ್ಳಾಗುತ್ತೆ."

"ಇಲ್ದಿದ್ರೆ ನಾಳೆಯಿಂದ ಬರೋದು ಬೇಡ, ಅಷ್ಟೇ."

ಅವಳು ನನ್ನ ಮುಖ ನೋಡಿದಳು. ಜೂನ್ ಅಂದರೆ ಶಾಲೆಯ ವರ್ಷದ ಕೊನೆ, ಬೀಜಗಣಿತ ಮುಗಿಯುತ್ತದೆ, ಸ್ಪರ್ಧೆಯೂ ಆಗುತ್ತದೆ. ನಾನೇ ಹೇಳಿದೆ: "ಹಾಕ್ಬಿಡು ವರ್ಲೀನ್. ಕಾಗದ ತಾನೇ. ಮಗು ಓದ್ಲಿ." ಅವಳು ಹಾಕಿದಳು. ಪೆನ್ನು ಮೇಜಿನ ಮೇಲಿಟ್ಟು, ಕೈಯನ್ನು ಕೋಟಿಗೆ ಒರೆಸಿಕೊಂಡಳು.

ಎಂಟನೇ ದಿನ ಇನ್ನೊಂದು ಕಾಗದ. ಸುಳ್ಳು ಹೇಳಿಕೆ ಕೊಟ್ಟಿರುವುದಾಗಿ ಬರಹದಲ್ಲಿ ಒಪ್ಪಿದವರ ಕೈಗೆ ಮಕ್ಕಳ ಬಸ್ಸು ಒಪ್ಪಿಸಲಾಗದು. ಬೀಗದ ಕೈ ಹಿಂತಿರುಗಿಸತಕ್ಕದ್ದು. ಕೆಳಗೆ ಸಹಿ ಮಾಡಿದ್ದವನು ಅದೇ ಆಸ್ಟ್ರಾಂಡರ್. ಮೇಜಿನಾಚೆ ಕೂತು ಬರೀ ಪದ್ಧತಿಗೆ ಅಂದಾಗಲೇ ಅವನ ತಲೆಯಲ್ಲಿ ಈ ಕಾಗದ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಇತ್ತು ಎಂದೇ ನಾನು ತಿಳಿದಿದ್ದೇನೆ.

ಕೆಲಸ ಹೋದದ್ದಕ್ಕೆ ಅವಳು ಅಳಲಿಲ್ಲ. ಮಾರನೆಯ ಬೆಳಗ್ಗೆ ಹದಿನಾಲ್ಕನೇ ನಂಬರ್ ಬಸ್ಸು ಹೊಸ ಡ್ರೈವರನ ಕೈಯಲ್ಲಿ ಬಂದಾಗ ಪರದೆ ಸರಿಸಿ ನೋಡಿದಳು. "ಬ್ರೇಕ್ ತಡವಾಗಿ ಹಿಡೀತಾನೆ," ಎಂದಳು. ಯೊಲಾಂಡಾ ಹತ್ತಿದಳು. ಒಳಗಿದ್ದ ಮಕ್ಕಳು, "ಮಿಸ್ ವರ್ಲೀನ್‌ಗೆ ಹುಷಾರಿಲ್ವ?" ಎಂದು ಕೇಳಿದರಂತೆ. ಆ ಮಗು ನೆಟ್ಟಗೆ ಹೋಗಿ ಹಿಂದಿನ ಸೀಟಿನಲ್ಲಿ ಕೂತಿತಂತೆ. ಏಪ್ರಿಲ್‌ನಲ್ಲಿ ಜಿಲ್ಲೆಗೇ ಎರಡನೆಯವಳಾಗಿ ಬಂದಳು. ಶಾಲೆಯ ಗಾಜಿನ ಬೀರುವಿನಲ್ಲಿ ಬಹುಮಾನದ ಕಪ್ಪನ್ನು ಇಟ್ಟುಕೊಂಡರು. ಹುಡುಗಿ ಬೇಡ, ಅವಳು ಗೆದ್ದ ಕಪ್ಪು ಬೇಕು.

ಸೆಪ್ಟೆಂಬರಿನಲ್ಲಿ ಯೊಲಾಂಡಾ ಕಾರ್ವರ್ ಮಿಲ್ಸ್ ಹೈಸ್ಕೂಲಿಗೆ ಹೋದಳು. ವರ್ಲೀನ್‌ಗೂ ಅಲ್ಲೇ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ತಲೆಗೆ ಬಲೆ ಕಟ್ಟಿಕೊಂಡು ನಾನೂರು ಮಕ್ಕಳಿಗೆ ಬಟಾಣಿ ಬಡಿಸುವ ಕೆಲಸ. ಸಂಜೆ ಮಗಳನ್ನು ದಿನಾ ಕೇಳುತ್ತಿದ್ದಳು, "ಲೆಕ್ಕ ಹೇಗಿದೆ?" ಅಂತ. "ಚೆನ್ನಾಗಿದೆ ಅಮ್ಮ," ಎಂದು ಅವಳು ಬೇರೆ ಮಾತು ತೆಗೆಯುತ್ತಿದ್ದಳು.

ಅಕ್ಟೋಬರಿನ ಒಂದು ದಿನ ಬಡಿಸುವಾಗ ಒಬ್ಬ ಹುಡುಗಿ ತಟ್ಟೆ ಹಿಡಿದು, "ಆಂಟಿ, ನಿಮ್ ಮಗಳು ಸಖತ್ತಾಗಿ ಪಾಠ ಮಾಡ್ತಾಳೆ," ಎಂದಳು. ವರ್ಲೀನ್ ಸೌಟು ಕೆಳಗಿಟ್ಟಳು. ಆವತ್ತು ಎರಡು ಗಂಟೆಗೆ ಪಾತ್ರೆ ತೊಳೆಯುವುದನ್ನು ಬಿಟ್ಟು ಲೆಕ್ಕದ ಕ್ಲಾಸಿನ ಬಾಗಿಲಿಗೆ ಹೋದಳು. ನಡೆದದ್ದನ್ನು ಅವಳೇ ನನಗೆ ಹೇಳಿದ್ದು, ಒಂದಲ್ಲ ಇಪ್ಪತ್ತು ಸಲ.

ಮೇಷ್ಟ್ರ ಮೇಜಿನಲ್ಲಿ ಕೂತಿದ್ದವನು ಬ್ಯಾಸ್ಕೆಟ್‌ಬಾಲ್ ಕೋಚ್. ಪೇಪರು ಓದುತ್ತಿದ್ದ. ಬೋರ್ಡಿನ ಮುಂದೆ ಯೊಲಾಂಡಾ. ಮೂವತ್ತೆರಡು ಮಕ್ಕಳಿಗೆ, ತಾನು ಹೋದ ವರ್ಷವೇ ಮುಗಿಸಿದ್ದ ಬೀಜಗಣಿತವನ್ನು ಮೊದಲಿನಿಂದ ಹೇಳಿಕೊಡುತ್ತಿದ್ದಳು. ಶಾಲೆ ಶುರುವಾದ ಎರಡನೇ ವಾರದಿಂದ ಹಾಗೇ ನಡೆದಿತ್ತು. ಲೆಕ್ಕದ ಮೇಷ್ಟ್ರು ಬಂದೇ ಇರಲಿಲ್ಲ.

ವರ್ಲೀನ್ ಒಳಗೆ ನಡೆದು, ಮಗಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಕೋಚಿನ ಪೇಪರಿನ ಮೇಲೆ ಇಟ್ಟಳು. "ಇವಳು ಕಲಿಯೋಕೆ ಬಂದಿದಾಳೆ. ಕಲಿಸೋಕಲ್ಲ."

"ನನ್ಗೆ ಲೆಕ್ಕ ಬರಲ್ಲ ವರ್ಲೀನಕ್ಕ," ಎಂದ ಅವನು. ಸುಳ್ಳೇನಲ್ಲ. ಪಾಪದವನು. "ನಂಗೆ ಬರೋದು ಚೆಂಡು. ಇಲ್ಲಿ ಯಾರಾದ್ರೂ ದೊಡ್ಡೋರು ಇರ್ಬೇಕು ಅಂತ ಕೂರ್ಸಿದಾರೆ."

ಹೆಡ್‌ಮಾಸ್ಟರ್ ಗ್ಯಾಡಿಸ್ ಓಡಿ ಬಂದರು. ಅವರೂ ಕೆಟ್ಟವರಲ್ಲ. ನಮ್ಮ ಶಾಲೆಯಲ್ಲಿ ಕೆಟ್ಟವರನ್ನು ಹುಡುಕಿದರೆ ಸಿಗುತ್ತಿರಲಿಲ್ಲ, ಅದೇ ದುಃಖ. "ನಾಲ್ಕು ಸಲ ಪೇಪರಲ್ಲಿ ಹಾಕ್ಸಿದೆ ತಾಯಿ. ಬಂದೋರೆಲ್ಲ ಎರಡೇ ಮೈಲಿ ಮುಂದೆ ಹೋಗಿ ಆಲ್ಡರ್ ಹೈಟ್ಸ್‌ಗೆ ಸೇರ್ಕೋತಾರೆ. ನಾನೇನ್ ಮಾಡ್ಲಿ?"

"ಅಲ್ಲಿ ಲೆಕ್ಕಕ್ಕೆ ಎಷ್ಟು ಜನ ಇದಾರೆ?"

"ಏಳು."

"ಇಲ್ಲಿ?"

ಗ್ಯಾಡಿಸ್ ಬೋರ್ಡಿನ ಕಡೆ ನೋಡಿದರು. ಅಲ್ಲಿದ್ದದ್ದು ಯೊಲಾಂಡಾಳ ದುಂಡಗಿನ ಬರಹ.

"ನೀನು ಕೂತ್ಕೋ," ಎಂದು ವರ್ಲೀನ್ ಮಗಳಿಗೆ ಬೆಂಚು ತೋರಿಸಿದಳು. ಯೊಲಾಂಡಾ ಕೂತಳು. ಮೂರನೇ ಸಾಲಿನಲ್ಲಿ ಕೂತಿದ್ದ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಪೆನ್ಸಿಲು ಎತ್ತಿಕೊಂಡೇ ಕೇಳಿದಳು, "ಇವಳು ಕೂತ್ರೆ ನಮಗ್ಯಾರು ಹೇಳ್ಕೊಡ್ತಾರೆ ಆಂಟಿ? ಅರ್ಧಕ್ಕೆ ನಿಂತೋಯ್ತಲ್ಲ."

ವರ್ಲೀನ್ ಹೆಡ್‌ಮಾಸ್ಟರರನ್ನು ನೋಡಿದಳು. ಅವರು ಕೋಚನ್ನು ನೋಡಿದರು. ಕೋಚು ಸೀಮೆಸುಣ್ಣವನ್ನು ನೋಡಿದ.

ಯೊಲಾಂಡಾ ತಾನಾಗಿ ಎದ್ದಳು. "ಈ ಒಂದು ಲೆಕ್ಕ ಮುಗಿಸಿ ಬರ್ತೀನಿ ಅಮ್ಮ," ಎಂದು ಬೋರ್ಡಿಗೆ ಹೋದಳು.

ಆ ಒಂದು ಲೆಕ್ಕ ಮುಗಿಯಲು ಮುಂದಿನ ವರ್ಷದ ಫೆಬ್ರವರಿ ಆಯಿತು. ಆಗ ಒಬ್ಬ ಮೇಷ್ಟ್ರು ಬಂದರು. ಅಲ್ಲಿಯವರೆಗೆ ಹದಿನಾಲ್ಕು ವರ್ಷದ ಹುಡುಗಿ ಗೊತ್ತಿದ್ದದ್ದನ್ನು ಇನ್ನೊಬ್ಬರಿಗೆ ಹೇಳಿದಳು, ಗೊತ್ತಿಲ್ಲದ ಒಂದಕ್ಷರವೂ ಅವಳ ಕಿವಿಗೆ ಬೀಳಲಿಲ್ಲ. ಆ ತಿಂಗಳುಗಳಲ್ಲಿ ರಸ್ತೆಯಾಚೆಯ ಮಕ್ಕಳು ರೇಖಾಗಣಿತ ಅರ್ಧ ದಾಟಿದ್ದರು. ಊರಿನವರು ವರ್ಲೀನಳ ಬೆನ್ನು ತಟ್ಟಿ, "ಎಂಥಾ ಮಗಳನ್ನ ಹೆತ್ತೆಯಮ್ಮ, ಹೆಮ್ಮೆಪಡು," ಎನ್ನುತ್ತಿದ್ದರು. ಪಾದ್ರಿಗಳು ಭಾನುವಾರ ಎಲ್ಲರೆದುರು ಯೊಲಾಂಡಾಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು.

ವರ್ಲೀನ್ ಚಪ್ಪಾಳೆ ಹೊಡೆಯಲಿಲ್ಲ. ಕೈಕಟ್ಟಿಕೊಂಡು ಕೂತಿದ್ದಳು. ಪಕ್ಕದಲ್ಲಿ ನಾನೂ ಹೊಡೆಯಲಿಲ್ಲ.