ಬಾಮು ಹಚ್ಚಿದ ಕಣ್ಣು

ಬೆಳಿಗ್ಗೆ ಏಳು ನಲವತ್ತಕ್ಕೆ ಯಲಹಂಕದ ಮುನಿಹನುಮಯ್ಯ ಶಾಲಾ ವ್ಯಾನಿನ ಕನ್ನಡಿ ನೋಡಿಕೊಂಡು ಕಣ್ಣಿನ ಕೆಳಗೆ ತಲೆನೋವಿನ ಬಾಮು ಹಚ್ಚಿಕೊಳ್ಳುತ್ತಿದ್ದ. ರಾತ್ರಿಯೆಲ್ಲ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸಿದವನಿಗೆ ನಿದ್ದೆಯ ಬದಲು ಇದು. ಎರಡು ಗಾಡಿ ಓಡಿಸದೆ ಅವನ ಮನೆ ನಡೆಯದು, ನಿಜ. ಆದರೆ ಉರಿಯುವ ಕಣ್ಣು ಮುಚ್ಚುವುದಿಲ್ಲ, ಮುಚ್ಚದ ಕಣ್ಣಿಗೆ ಎಲ್ಲ ಕಾಣುತ್ತದೆ ಎಂಬ ಮೂರ್ಖ ಶಾಸ್ತ್ರ ಅವನದೇ.

"ಒಂದ್ ಗಳಿಗೆ ಮಲಗಣ್ಣಾ, ಮಕ್ಕಳು ಕಾಯ್ತಾರೆ," ಎಂದರು ಮಕ್ಕಳನ್ನು ಹತ್ತಿಸಿ ಇಳಿಸುವ ಗೌರಮ್ಮ.

"ನಿದ್ದೆ ಗಿದ್ದೆ ಎಲ್ಲ ಸಂಬಳದೋರಿಗೆ ಕಣಮ್ಮ."

ನಿದ್ದೆಗೆಟ್ಟ ಮಿದುಳಿನಲ್ಲಿ, ಕಣ್ಣು ತೆರೆದೇ ಇದ್ದರೂ, ನೋಟವನ್ನು ಗ್ರಹಿಸುವ ಕೋಶಗಳು ತಡವಾಗಿ, ಮಂದವಾಗಿ ಸ್ಪಂದಿಸುತ್ತವೆ. ಸಸ್ತನಿಗಳ ಈ ನಿಯಮದಿಂದ ಮುನಿಹನುಮಯ್ಯ ತನಗೆ ತಾನೇ ವಿನಾಯಿತಿ ಕೊಟ್ಟುಕೊಂಡಿದ್ದ.

ಮಕ್ಕಳು ತುಂಬಿದ ವ್ಯಾನು ಶಾಲೆಗೆ ಹೊರಟಾಗ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಅವನು ಅದನ್ನೇ ನೇರವಾಗಿ ನೋಡುತ್ತ, ವೇಗ ತಗ್ಗಿಸದೆ ಹೋದ. ಗೌರಮ್ಮ ಕಿರುಚಿ ಭುಜ ಹಿಡಿದೆಳೆದಾಗ ಬ್ರೇಕ್ ಒತ್ತಿದ. ವ್ಯಾನಿನ ಮೂತಿ ಗೇಟಿಗೆ ತಗುಲಿ ನಿಂತಿತು.

ಇನ್ನು ಮಕ್ಕಳನ್ನು ನಿಮ್ಮ ಜೊತೆ ಕಳಿಸುವುದಿಲ್ಲವೆಂದು ಸಂಜೆ ಪೋಷಕರು ಹೇಳಿದಾಗ, ನಾಚಿಕೆಯ ಲವಲೇಶವೂ ಇಲ್ಲದೆ ಅವನು ಅಂದ: "ಡಾಕ್ಟ್ರೇ ನೋಡವ್ರೆ ಸಾರ್, ನನ್ ಕಣ್ಣು ಸಿಕ್ಸ್ ಬೈ ಸಿಕ್ಸ್."