ನನ್ನ ಮೂಲಕ ಹೋಗದ ಮಾತು

ಇಂಟರ್‌ನೆಟ್ ಮೂಲಕ ಫೋನುಗಳನ್ನು ಜೋಡಿಸುವುದು ನನ್ನ ಕೆಲಸ. ಒಂದು ಕಚೇರಿಯ ಫೋನುಗಳೆಲ್ಲ ಒಂದು ಸರ್ವರ್‌ನಲ್ಲಿ ನೋಂದಾಯಿಸಿಕೊಂಡಿರುತ್ತವೆ. ಯಾರು ಎಲ್ಲಿದ್ದಾರೆ ಎನ್ನುವುದು ಸರ್ವರ್‌ಗೆ ಮಾತ್ರ ಗೊತ್ತು. ಯಾರು ಯಾರಿಗೆ ಕರೆ ಮಾಡಿದರೂ ಅದು ದಾರಿ ತೋರಿಸಬೇಕು.

ಮನೆಯಲ್ಲೂ ನಾನು ಅದನ್ನೇ ಮಾಡುತ್ತಿದ್ದೆ. ಶಿವಮೊಗ್ಗದಲ್ಲಿ ನಾನು ಮತ್ತು ಅಮ್ಮ, ಭದ್ರಾವತಿಯಲ್ಲಿ ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮ. ಕಾಗದನಗರದ ಕಾರ್ಖಾನೆ ಕ್ವಾರ್ಟರ್ಸ್ ಬಿಟ್ಟು ಸ್ವಂತ ಮನೆ ಕಟ್ಟಿಸಿದಾಗ ದೊಡ್ಡಮ್ಮ ಗೃಹಪ್ರವೇಶಕ್ಕೆ ಕುಂಕುಮ ಕೊಟ್ಟು ಕರೆಯಲು ಬರಲಿಲ್ಲ. ಮೊಬೈಲಿಗೆ ಕಾರ್ಡ್ ಕಳಿಸಿದಳು. “ಊರಿಗೆಲ್ಲ ಫಾರ್ವರ್ಡ್ ಮಾಡಿದ್ದಕ್ಕೆ ನಾನ್ಯಾಕೆ ಹೋಗ್ಲಿ?” ಎಂದು ಅಮ್ಮ ಹೋಗಲಿಲ್ಲ. ಅಂದಿನಿಂದ ಇಬ್ಬರ ಮಾತೂ ನನ್ನ ಮೂಲಕವೇ.

“ನಿಮ್ಮಮ್ಮನಿಗೆ ಹೇಳು, ಮಾವಿನಮಿಡಿ ಉಪ್ಪಿನಕಾಯಿ ಹಾಕಿದೀನಿ, ಬೇಕಾದ್ರೆ ಕೊಡ್ತೀನಿ.”

“ಭದ್ರಾವತಿಯವರಿಗೆ ಹೇಳು, ನಮ್ಮಲ್ಲೂ ಇದೆ.”

ಎರಡನೆಯದನ್ನು ನಾನು ಸ್ವಲ್ಪ ಮೆದು ಮಾಡಿ ತಲುಪಿಸುತ್ತಿದ್ದೆ.

ಈ ವರ್ಷ ಡಾಕ್ಟರ್ ಅಮ್ಮನಿಗೆ ಗರ್ಭಕೋಶ ತೆಗೆಸಲೇಬೇಕು ಎಂದರು. ಯುಗಾದಿ ಕಳೆಯಲಿ ಎಂದಳು ಅಮ್ಮ. ಆಮೇಲೆ ಹಪ್ಪಳ ಒಣಗಲಿ ಎಂದಳು. ಹೆದರಿದ್ದಳು. ರಕ್ತಸ್ರಾವ ಮಾತ್ರ ನಿಲ್ಲುತ್ತಿರಲಿಲ್ಲ, ಮುಖ ಬಿಳಿಚಿಕೊಳ್ಳುತ್ತಿತ್ತು. ಅದೇ ಆಪರೇಷನ್ ದೊಡ್ಡಮ್ಮನಿಗೆ ಆಗಿತ್ತು. “ಏನಾದ್ರೂ ಕೇಳ್ಬೇಕಿದ್ರೆ ಹೇಳು, ದೊಡ್ಡಮ್ಮನ್ನ ಕೇಳ್ತೀನಿ” ಎಂದೆ.

“ಅದೆಲ್ಲ ಮಗಳ ಹತ್ರ ಹೇಳಿ ಕಳಿಸೋ ಮಾತಲ್ಲ” ಎಂದಳು.

ಅದೇ ವಾರ ಹೊಸ ಸರ್ವರ್ ಒಂದನ್ನು ಎರಡು ಊರುಗಳ ನಡುವೆ ಪರೀಕ್ಷಿಸಬೇಕಿತ್ತು. ಇಬ್ಬರ ಮೊಬೈಲಿಗೂ ಆ್ಯಪ್ ಹಾಕಿದೆ. ಅಮ್ಮನ ನಂಬರು ನೂರಾ ಒಂದು, ದೊಡ್ಡಮ್ಮನದು ನೂರಾ ಎರಡು. ಮಾತಾಡುವುದಲ್ಲ, ಟೆಸ್ಟಿಂಗ್ ಅಷ್ಟೆ ಎಂದ ಮೇಲೆ ಇಬ್ಬರೂ ಒಪ್ಪಿದರು.

ಮೊದಲ ದಿನ ಧ್ವನಿಯೂ ಸರ್ವರ್ ಮೂಲಕವೇ ಹೋಗುವಂತೆ ಇಟ್ಟಿದ್ದೆ. ಹೆಡ್‌ಫೋನ್ ಹಾಕಿ ಕೇಳುತ್ತಿರುತ್ತೇನೆಂದು ಅವರಿಗೆ ಹೇಳಿಯೂ ಇದ್ದೆ.

“ಒಂದು, ಎರಡು, ಮೂರು” ಎಂದಳು ದೊಡ್ಡಮ್ಮ. “ಕೇಳಿಸ್ತಾ ಅಂತ ನಿಮ್ಮಮ್ಮನ್ನ ಕೇಳು.”

“ಕೇಳಿಸ್ತು ಅಂತ ಹೇಳೇ ಅವ್ರಿಗೆ” ಎಂದಳು ಅಮ್ಮ. “ಕಣ್ಣಾಮುಚ್ಚಾಲೆ ಆಡೋ ಹಾಗೆ ಎಣಿಸೋದೇನೂ ಬೇಡ.”

“ಆಡುವಾಗ ಬೆರಳ ಸಂದಿಯಿಂದ ನೋಡ್ತಿದ್ದೋರು ಯಾರು ಅಂತ ಕೇಳು ಮಾರಾಯ್ತಿ!”

ಒಬ್ಬರ ಕಿವಿಯಲ್ಲಿ ಇನ್ನೊಬ್ಬರಿದ್ದರೂ ಇಬ್ಬರೂ ನನ್ನೊಡನೆಯೇ ಮಾತಾಡಿದರು.

ಧ್ವನಿ ಸರ್ವರ್ ಮೂಲಕ ಹೋಗಲೇಬೇಕೆಂದಿಲ್ಲ. ಒಂದು ಫೋನಿನ ವಿಳಾಸವನ್ನು ಇನ್ನೊಂದಕ್ಕೆ ಕೊಟ್ಟು ಸರ್ವರ್ ಪಕ್ಕಕ್ಕೆ ಸರಿಯಬಹುದು. ಆಮೇಲೆ ಮಾತು ನೇರ ಹೋಗುತ್ತದೆ. ಮರುದಿನ ಹಾಗೆ ಬದಲಿಸಿದೆ. ಕರೆಗೆ ಮೊದಲು ಇಬ್ಬರಿಗೂ ಹೇಳಿದೆ: “ಇವತ್ತು ನಂಗೇನೂ ಕೇಳಿಸಲ್ಲ. ಕೇಳಿಸ್ತಾ ಅಂತ ನೀವೇ ಒಬ್ಬರನ್ನೊಬ್ಬರು ಕೇಳ್ಕೊಳ್ಳಿ.”

ಅಮ್ಮ ಫೋನ್ ಹಿಡಿದು ಅಡುಗೆಮನೆಗೆ ಹೋದಳು. ನನ್ನ ಪರದೆಯ ಮೇಲೆ ಎರಡು ನಂಬರುಗಳ ನಡುವೆ ಹಸಿರು ಗೆರೆ ಮೂಡಿತು. ಸರ್ವರ್ ಮೂಲಕ ಹಾಯುವ ಧ್ವನಿಯ ಲೆಕ್ಕ ಸೊನ್ನೆಯಲ್ಲೇ ಇತ್ತು. ಅಂದರೆ ಎಲ್ಲ ಸರಿಯಾಗಿತ್ತು.

ಕುಕ್ಕರ್ ಕೂಗಿತು. ಎದ್ದು ಹೋಗಿ ಆರಿಸಬಹುದಿತ್ತು, ಹೋಗಲಿಲ್ಲ. ಮತ್ತೆ ಕೂಗಿತು, ಮತ್ತೂ ಕೂಗಿತು.

“ಅಕ್ಕಾ, ತಡಿ, ಗ್ಯಾಸ್ ಆರಿಸ್ತೀನಿ” ಎಂದು ಗೋಡೆಯಾಚೆ ಅಮ್ಮ ಹೇಳಿದ್ದು ಕೇಳಿಸಿತು.

ಮುಂದಿನ ಮಾತು ಕೇಳಿಸದಿರಲೆಂದು ನಾನು ಹೆಡ್‌ಫೋನ್ ಹಾಕಿಕೊಂಡೆ. ಅದರಲ್ಲಿ ಏನೂ ಇರಲಿಲ್ಲ. ಹಸಿರು ಗೆರೆ ಹೋಗುವ ತನಕ ಹಾಗೇ ಕೂತಿದ್ದೆ.

ಅಮ್ಮ ಬಂದಾಗ ಕಣ್ಣು ಕೆಂಪಗಿತ್ತು.

“ಡಾಕ್ಟರಿಗೆ ಫೋನ್ ಮಾಡು. ಮುಂದಿನ ವಾರವೇ ಆಗ್ಲಿ. ಅಕ್ಕ ಹಿಂದಿನ ದಿನವೇ ಬರ್ತಾಳೆ.” ಬಾಗಿಲವರೆಗೆ ಹೋಗಿ ತಿರುಗಿದಳು. “ನಮ್ಮಲ್ಲಿ ಮಿಡಿ ಉಪ್ಪಿನಕಾಯಿ ಇಲ್ಲ ಅಂದಿದೀನಿ. ನೀನು ಬೇರೆ ಏನಾದ್ರೂ ಹೇಳ್ಬೇಡ.”