ಗೊಲ್ಲಾಳನ ಪಾಲು

ಮಾಳಮ್ಮನ ಬಾಯಿ ಕೆಟ್ಟದ್ದು. ದೇವಾಪುರದಲ್ಲಿ ಇದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಗಂಡ ಸತ್ತ ಮೇಲೆ ಕುರಿಗಳನ್ನು ಮೈದುನರು ಹೊಡೆದುಕೊಂಡು ಹೋದರು. ಅವಳಿಗೆ ಉಳಿದದ್ದು ಒಂದು ಗುಡಿಸಲು, ಮುಳ್ಳುಬೇಲಿಯ ಹಟ್ಟಿ, ನಾಲ್ಕಾರು ಆಡು. ಆ ಹಟ್ಟಿಯಲ್ಲಿ ಅವಳು ಮೂರು ಮಕ್ಕಳನ್ನು ಸಾಕಿದಳು. ಯಾವುದೂ ಅವಳು ಹೆತ್ತದ್ದಲ್ಲ, ಯಾವುದೂ ನಡೆಯುತ್ತಿರಲಿಲ್ಲ. ರೇಣಮ್ಮನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ, ಕೈಕಾಲು ಸೆಟೆದುಕೊಂಡಿದ್ದವು. ಸಾಬಣ್ಣನ ತಲೆಯಲ್ಲಿ ನೀರು ತುಂಬಿ ಅದು ಕೊಡದ ಗಾತ್ರಕ್ಕೆ ಬೆಳೆದಿತ್ತು. ಇವರಿಬ್ಬರನ್ನೂ ಬೇಲಿಯ ಹತ್ತಿರ ಇಟ್ಟುಹೋದವರು ಯಾರೆಂದು ಗೊತ್ತಾಗಲಿಲ್ಲ. ಮೂರನೆಯವನು ಗೊಲ್ಲಾಳ. ಅವನ ತಂದೆತಾಯಿ ಮಾತ್ರ ಯಾರೆಂದು ಮಾಳಮ್ಮನಿಗೆ ಗೊತ್ತಿತ್ತು.

ರಜಾಕಾರರ ಗಲಾಟೆಯ ವರ್ಷ ಸುರಪುರದ ಹತ್ತಿ ವ್ಯಾಪಾರಿ ಜಗದೇವಪ್ಪ ಹೆಂಡತಿ ಹಂಪಮ್ಮನ ಜೊತೆ ಮೊಗಲಾಯಿಯ, ಅಂದರೆ ನಿಜಾಮನ ಸೀಮೆಯ, ಗಡಿ ದಾಟಲು ಗಾಡಿ ಕಟ್ಟಿದ. ಮಗ ಗೊಲ್ಲಾಳನಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ, ಮೂರ್ಛೆ ಬರುತ್ತಿತ್ತು, ಅತ್ತರೆ ಅರ್ಧ ಊರಿಗೆ ಕೇಳುತ್ತಿತ್ತು.

'ಇವ ಅತ್ತಾ ಅಂದ್ರ ನಾವೆಲ್ಲಾ ಸಾಯ್ತೀವಿ. ತಿರುಗಿ ಬರೂತನಕ ನೋಡ್ಕೊ' ಎಂದು ಜಗದೇವಪ್ಪ ಹುಡುಗನನ್ನು ಮಾಳಮ್ಮನ ಹಟ್ಟಿಯಲ್ಲಿ ಇಳಿಸಿದ. ಹಂಪಮ್ಮ ಗಾಡಿಯಿಂದ ಇಳಿಯಲಿಲ್ಲ. ಇಳಿದಿದ್ದರೆ ಮತ್ತೆ ಹತ್ತುತ್ತಿರಲಿಲ್ಲ.

ಪೊಲೀಸ್ ಆಕ್ಷನ್ ಆಯಿತು. ನಿಜಾಮನ ಬಾವುಟ ಇಳಿಯಿತು. ಗಡಿಯಾಚೆ ನಿಂತು ರಜಾಕಾರರ ವಿರುದ್ಧ ಹೋರಾಡಿದ್ದ ನಾವು ಶಿಬಿರಗಳಿಂದ ಜೈಕಾರ ಹಾಕುತ್ತ ವಾಪಸ್ಸು ಬಂದೆವು. ಜಗದೇವಪ್ಪನೂ ಬಂದು ಅಂಗಡಿಯ ಬಾಗಿಲು ತೆರೆದ. ಮಗ ದಾರಿಯಲ್ಲೇ ತೀರಿಕೊಂಡನೆಂದು ಊರಿಗೆಲ್ಲ ಹೇಳಿದ. ಗಲಾಟೆಯಲ್ಲಿ ಮಗನನ್ನು ಕಳಕೊಂಡವನಿಗೆ ಜನ ಮರ್ಯಾದೆ ಕೊಡುತ್ತಾರೆ. ಕುರಿಹಟ್ಟಿಯಲ್ಲಿ ಬಿಟ್ಟುಹೋದವನಿಗೆ ಉಗುಳುತ್ತಾರೆ. ಅವನು ಮರ್ಯಾದೆಯನ್ನು ಆರಿಸಿಕೊಂಡ.

ಹಂಪಮ್ಮ ಅಮಾವಾಸ್ಯೆಗೊಮ್ಮೆ ಗುಡಿಗೆ ಹೋಗುವ ನೆವದಲ್ಲಿ ಹಟ್ಟಿಗೆ ಬರುತ್ತಿದ್ದಳು. ಸೀರೆ, ಹಣ್ಣು, ಬೆಲ್ಲ ತರುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ: ಮಗ ಮನೆಗೆ ಬರಬೇಕು.

'ಈ ಸಲ ಕರ್ಕೊಂಡ ಹೋಗ್ತೀನಿ, ಅವ್ವಾ. ಮನ್ಯಾಗ ಮಾತಾಡ್ತೀನಿ.'

'ಹೋದ ಸಲದ ಮಾತು ಉಪ್ಪಿನಕಾಯಿ ಹಾಕಿಟ್ಟೀನಿ. ಹಾಕ್ಲೇನು, ರೊಟ್ಟಿ ಜೋಡಿ?' ಎನ್ನುತ್ತಿದ್ದಳು ಮಾಳಮ್ಮ.

ಬಯ್ದರೂ ಹಂಪಮ್ಮನ ತೊಡೆಯ ಮೇಲೆ ಮಗನನ್ನು ಹಾಕುತ್ತಿದ್ದಳು. ಉಣಿಸಲು ಮಾತ್ರ ಬಿಡುತ್ತಿರಲಿಲ್ಲ. ಆ ಮಕ್ಕಳಿಗೆ ಉಣಿಸುವುದು ನಮ್ಮ ನಿಮ್ಮ ಮಕ್ಕಳಿಗೆ ಉಣಿಸಿದ ಹಾಗಲ್ಲ. ತಾಯಿ ಸತ್ತ ಎಳೆ ಮರಿಗೆ ಕುರುಬರು ಮಾಡುವಂತೆ ತಲೆಯೆತ್ತಿ ಹಿಡಿದು, ಅರಳೆಯ ಬತ್ತಿಯನ್ನು ಆಡಿನ ಹಾಲಲ್ಲಿ ಅದ್ದಿ, ಹನಿ ಹನಿಯಾಗಿ ಬಿಡಬೇಕು. ಗಂಟಲು ಸವರಬೇಕು. ನುಂಗಿತೋ ಇಲ್ಲವೋ ನೋಡಿ ಇನ್ನೊಂದು ಹನಿ. ಅವಸರ ಮಾಡಿದರೆ ಹಾಲು ಪುಪ್ಪುಸಕ್ಕೆ ಇಳಿಯುತ್ತದೆ. ಮೂವರಿಗೆ ಉಣಿಸುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಅವಳ ರೊಟ್ಟಿ ಆರಿ ಹಪ್ಪಳವಾಗಿರುತ್ತಿತ್ತು.

ಮರುವರ್ಷದ ನಾಗರಪಂಚಮಿ ಬಂತು. ನಮ್ಮ ಕಡೆ ಅಂದು ಮಣ್ಣಿನ ನಾಗಪ್ಪನಿಗೆ ಬೆಲ್ಲದ ಹಾಲೆರೆಯುವಾಗ ಮನೆಯವರ ಹೆಸರು ಹಿಡಿದು ಎರೆಯುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಬದುಕಿದ್ದವರಿಗೆಲ್ಲ ಒಂದೊಂದು ಪಾಲು. ಹಂಪಮ್ಮ ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿ, ನೆರೆದವರ ಮುಂದೆ 'ಗೊಲ್ಲಾಳನ ಪಾಲು' ಎಂದಳು. ಅತ್ತೆ ಅವಳ ಕೈ ಹಿಡಿದಳು.

'ಹುಚ್ಚಿ, ಸತ್ತವರಿಗೆ ಎರೀಬಾರದು.'

ಜಗದೇವಪ್ಪ ಅಲ್ಲೇ ನಿಂತಿದ್ದ.

ಹಂಪಮ್ಮ ಉಳಿದ ಹಾಲನ್ನು ತಂಬಿಗೆಗೆ ಸುರುವಿಕೊಂಡು, ಕೊಬ್ಬರಿ ಬಟ್ಟಲನ್ನು ಸೆರಗಿನಲ್ಲಿ ಕಟ್ಟಿಕೊಂಡು ದೇವಾಪುರಕ್ಕೆ ನಡೆದಳು. ಮಾಳಮ್ಮ ಆಡಿಗೆ ಸೊಪ್ಪು ತರಲು ಹಳ್ಳದ ಕಡೆ ಹೋಗಿದ್ದಳು. ತಾಯಿ ಮಗನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಕೊಬ್ಬರಿ ಬಟ್ಟಲಿನಿಂದಲೇ ಬಾಯಿಗೆ ಹಾಲೆರೆದಳು. 'ಇದು ನಿನ್ನ ಪಾಲು, ನನ್ನಪ್ಪಾ. ಯಾರಿಗೂ ಕೊಡೂದಿಲ್ಲ.' ಸಿಹಿ ಹತ್ತಿ ಹುಡುಗ ನಕ್ಕನಂತೆ. ಆಮೇಲೆ ಕೆಮ್ಮಿದ.

ಮಾಳಮ್ಮ ಬಂದವಳು ಸೊಪ್ಪು ಬಿಸಾಡಿ, ಅವನನ್ನು ಕಸಿದುಕೊಂಡು ಬೋರಲು ಹಾಕಿ ಬೆನ್ನಿಗೆ ಬಡಿದಳು. ಉಸಿರು ಬಂತು, ಆದರೆ ಗೊರಗೊರ ಅನ್ನುತ್ತಿತ್ತು. 'ಹೋಗು, ಮನ್ಯಾಗ ಹುಡುಕ್ತಾರ' ಎಂದು ಹಂಪಮ್ಮನನ್ನು ಅಟ್ಟಿದಳು. ಮರುದಿನ ಜ್ವರ ಏರಿ, ಉಸಿರಿಗೆ ಪಕ್ಕೆಗಳು ಬಡಿದುಕೊಳ್ಳತೊಡಗಿದವು. ಶಹಾಪುರದ ದವಾಖಾನೆಗೆ ಒಯ್ಯಲು ಬಂಡಿಯ ಚಾಂದಪಾಶಾ ಎತ್ತು ಹೂಡುವಷ್ಟರಲ್ಲಿ ಗೊಲ್ಲಾಳ ಸತ್ತಿದ್ದ.

ಮಾಳಮ್ಮ ಚಾಂದಪಾಶಾನನ್ನೇ ಜಗದೇವಪ್ಪನ ಅಂಗಡಿಗೆ ಕಳಿಸಿದಳು. ಗಿರಾಕಿಗಳು ಕುಳಿತಿದ್ದರು.

'ಸಾವಕಾರ್ರ, ನಿಮ್ಮ ಮಗ ತೀರ್ಕೊಂಡಾನ್ರಿ. ಮಣ್ಣಿಗಿ ಬರ್ರಿ.'

'ನನ್ನ ಮಗ ಆಗಳೇ ಸತ್ತಾನ. ಎಷ್ಟ್ ಸಲ ಸಾಯ್ತಾನೋ ಅವ?' ಎಂದು ಜಗದೇವಪ್ಪ ತಕ್ಕಡಿ ಎತ್ತಿದ.

ಹಂಪಮ್ಮ ಅಂಗಡಿಯ ಹಿಂದಿನ ಮನೆಯೊಳಗಿನಿಂದ ಕೇಳಿಸಿಕೊಂಡಳು. ಹಾಡಹಗಲೇ, ಗಿರಾಕಿಗಳ ಮುಂದೆಯೇ ಹೊರಬಿದ್ದು ಚಾಂದಪಾಶಾನ ಬಂಡಿ ಹತ್ತಿದಳು. ಹಟ್ಟಿಯ ಹಿಂದೆ ತಾನೇ ಗುಂಡಿಗಿಳಿದು ಮಗನನ್ನು ಇಟ್ಟಳು. ಎದ್ದು ಬಂದು ಕೇಳಿದಳು:

'ಅವ್ವಾ, ನನ್ನ ಕೈಯಿಂದ ಆತೇನು?'

'ಹೂಂ' ಎಂದಳು ಮಾಳಮ್ಮ. 'ನಿನ್ನ ಕೈಯಿಂದನ ಆತು.'

ಹಂಪಮ್ಮ ಕಿರುಚಿಕೊಂಡಳು. ಒಳಗೆ ರೇಣಮ್ಮ ಬೆಚ್ಚಿಬಿದ್ದು ಸೆಟೆದಳು.

'ಇಲ್ಲಿ ಅಳಬ್ಯಾಡ. ಇವು ಹೆದರಿದ್ರ ನುಂಗೂದಿಲ್ಲ' ಎಂದು ಮಾಳಮ್ಮ ಅವಳನ್ನು ಬೇಲಿಯಾಚೆಗೆ ದಬ್ಬಿದಳು.

ಹಂಪಮ್ಮ ಮತ್ತೆ ಬರಲಿಲ್ಲ. ಏಳು ವರ್ಷ ಕಳೆದು, ನಮ್ಮ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಹಟ್ಟಿಗೆ ಹೋದಾಗ ಸಾಬಣ್ಣನೂ ಇರಲಿಲ್ಲ. ಮಾಳಮ್ಮ ರೇಣಮ್ಮನ ಗಂಟಲು ಸವರುತ್ತ, ನನ್ನ ಕಡೆ ನೋಡದೆ ಕೇಳಿದಳು:

'ಸುಳ್ಳ ಹೇಳಬೇಕಿತ್ತೇನೋ, ತಮ್ಮಾ? ಥಂಡಿ ಹತ್ತಿತ್ತು ಅಂದಿದ್ರ ಆಗ್ತಿತ್ತು. ಈ ಮಕ್ಕಳನ್ನ ನೋಡಾಕ ಬರಾಕಿ ಅಂದ್ರ ಆಕಿ ಒಬ್ಬಾಕೇ ಇದ್ಲು.'